ಶೈಲಜಾ ಶಶಿಧರ ಎಂಬ ಹೆಸರಿನ ಕಡತ

ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನ ಶೈಲಜಾ ನಾಗಲಿಂಗಪ್ಪ ಸುಮಾರು ಎರಡೂವರೆ ವರ್ಷ ಕಾಲ ತಮ್ಮ ಗಂಡನನ್ನು ಡಲ್ಲಾಸ್‌ನಲ್ಲಿ ಇಟ್ಟಿದ್ದರು. ಕನ್ನಡ ಕೂಟದ ಯುಗಾದಿಯಲ್ಲಾಗಲಿ, ಹಿಕ್ಸ್‌ವಿಲ್‌ನ ದಿನಸಿ ಅಂಗಡಿಯಲ್ಲಾಗಲಿ ಯಾರೇ ವಿಚಾರಿಸಿದರೂ ಉತ್ತರ ಒಂದೇ: "ವೈಟುಕೆ ಪ್ರಾಜೆಕ್ಟ್. ಅಲ್ಲೇ ಇದ್ದಾರೆ." ಕೇಳಿದವರಿಗೆ ಇದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. 2000 ಬಂದಾಗ ಕಂಪ್ಯೂಟರುಗಳು ತಾರೀಖು ತಪ್ಪದಂತೆ ತಿದ್ದುವ ಆ ಕೆಲಸಕ್ಕೆಂದು ಆ ವರ್ಷಗಳಲ್ಲಿ ಎಷ್ಟೋ ಮನೆಗಳ ಗಂಡಸರು ಸೋಮವಾರ ನೆವಾರ್ಕಿನಲ್ಲಿ ವಿಮಾನ ಹತ್ತಿ ವಾರದ ಕೊನೆಗೆ ಮರಳುತ್ತಿದ್ದರು. ಕೆಲವರು ತಿಂಗಳಿಗೊಮ್ಮೆ ಬರುತ್ತಿದ್ದರು. ಬಾರದ ಒಬ್ಬರ ಲೆಕ್ಕ ಯಾರೂ ಇಡಲಿಲ್ಲ.

ಶಶಿಧರ ಡಲ್ಲಾಸ್ ಕಂಡವರೇ ಅಲ್ಲ. 1997ರಲ್ಲಿ, ಇಬ್ಬರೂ ಹಿಕ್ಸ್‌ವಿಲ್‌ನಲ್ಲಿದ್ದಾಗ, ವಿಚ್ಛೇದನವಾಯಿತು. ಜಗಳ ದೊಡ್ಡದಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರಿಗೂ ಮಾತು ಮುಗಿದಿತ್ತು ಎಂದಷ್ಟೇ ಶೈಲಜಾ ಹೇಳುತ್ತಾರೆ. ಶಶಿಧರ ವಕೀಲರನ್ನು ಹಿಡಿದು ಅರ್ಜಿ ಹಾಕಿದರು, ಶೈಲಜಾ ತೋರಿಸಿದಲ್ಲಿ ಸಹಿ ಮಾಡಿದರು. ಅವರು ಸಿಂಗಪುರಕ್ಕೆ ಹೋದರು. ಇವರು ನ್ಯೂಜೆರ್ಸಿಗೆ ಬಂದು, ಮ್ಯಾನ್‌ಹಟನ್ನಿನ ವಿಮಾ ಕಂಪನಿಯೊಂದರಲ್ಲಿ ಹಳೆಯ ಪ್ರೋಗ್ರಾಂಗಳನ್ನು ತಿದ್ದುವ ಕೆಲಸ ಮುಂದುವರಿಸಿದರು.

ಡಲ್ಲಾಸ್ ಹುಟ್ಟಿದ್ದು ತಾಯಿಗಾಗಿ. ಮರುವರ್ಷ ಕಮಲವ್ವ ರಾಣೆಬೆನ್ನೂರಿನಿಂದ ಆರು ತಿಂಗಳಿಗೆಂದು ಬಂದರು. ಅಳಿಯ ಎಲ್ಲಿ ಎಂದಾಗ ಬಾಯಿಗೆ ಬಂದ ಮೊದಲ ಊರು ಅದು. ತಾಯಿ ಬರುವ ಮುನ್ನ ಶೈಲಜಾ ಕೋರ್ಟಿನ ತೀರ್ಪಿನ ಪ್ರತಿಯನ್ನು ಆಫೀಸಿಗೆ ಒಯ್ದು, ಕಾಗದ ಚೂರು ಮಾಡುವ ಯಂತ್ರಕ್ಕೆ ಕೊಟ್ಟಿದ್ದರು. ಜೊತೆಗೆ ಹಿಕ್ಸ್‌ವಿಲ್ ಮನೆಯ ಲೀಸು, ಜಂಟಿ ಖಾತೆಯ ಸ್ಟೇಟ್‌ಮೆಂಟುಗಳೂ ಹೋದವು. ಕಮಲವ್ವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೆ ಅವರನ್ನು ನೋಡಲು ಬಂದುಹೋಗುವವರಿಗೆಲ್ಲ ಬರುತ್ತಿತ್ತು. ಆರು ತಿಂಗಳಾಗಿ ತಾಯಿ ಊರಿಗೆ ಮರಳಿದರೂ ಡಲ್ಲಾಸ್ ಉಳಿಯಿತು.

ಮಹದೇವ ಅವರ ಪರಿಚಯವಾದದ್ದು ದಿನವೂ ಮ್ಯಾನ್‌ಹಟನ್ನಿಗೆ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ. ಚಿತ್ರದುರ್ಗದ ಕಡೆಯವರು, ಸೇತುವೆಗಳ ತಪಾಸಣೆ ಮಾಡುವ ಎಂಜಿನಿಯರ್. ಹೆಂಡತಿ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಮಗಳು ಸಿರಿ ಬಾಸ್ಟನ್ನಿನಲ್ಲಿ ಕಾಲೇಜು ಓದುತ್ತಿದ್ದಳು. ನದಿಯಡಿಯ ಲಿಂಕನ್ ಸುರಂಗದ ಬಾಯಲ್ಲಿ ಬಸ್ಸು ಸಿಕ್ಕಿಕೊಂಡು ನಿಂತ ಒಂದು ದಿನ ಶೈಲಜಾ ಅವರಿಗೆ ಡಲ್ಲಾಸಿನ ನಿಜ ಹೇಳಿದರು. ಮಹದೇವ ಸ್ವಲ್ಪ ಯೋಚಿಸಿ, "ಊರು ಚೆನ್ನಾಗಿ ಆರಿಸಿದ್ದೀರಿ. ಬಫಲೋ ಅಂದಿದ್ರೆ ಯಾರಾದ್ರೂ ಕಾರ್ ತಗೊಂಡು ನೋಡೋಕೆ ಹೋಗ್ತಿದ್ರು" ಎಂದರು. ಅಷ್ಟು ಹೊತ್ತು ಬಿಗಿಹಿಡಿದು ಕೂತಿದ್ದ ಶೈಲಜಾ ನಕ್ಕುಬಿಟ್ಟರು.

2000ದ ಶರತ್ಕಾಲದಲ್ಲಿ ಇಬ್ಬರೂ ಮದುವೆಯಾಗಲು ನಿರ್ಧರಿಸಿದರು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನದ ಶುಕ್ರವಾರ ಗೊತ್ತಾಯಿತು. ಸಿರಿ ಊರಲ್ಲಿರುವುದು ಆಗಲೇ. ಡಿಸೆಂಬರ್ ಮೊದಲ ವಾರಕ್ಕೆ ಮಹದೇವ ಒಂದು ವರ್ಷದ ಕೆಲಸಕ್ಕೆಂದು ಪೋರ್ಟ್‌ಲ್ಯಾಂಡಿಗೆ ಹೋಗಬೇಕಿತ್ತು, ಶೈಲಜಾ ಜೊತೆಗೆ ಹೋಗಲು ರಜೆ ಬರೆದಿದ್ದರು. ಟೌನಿನ ರಿಜಿಸ್ಟ್ರಾರ್ ಕಚೇರಿಗೆ ಫೋನ್ ಮಾಡಿದಾಗ ಅಲ್ಲಿಯವರು ಹೇಳಿದ್ದು ಇಷ್ಟು: ಅರ್ಜಿ ಹಾಕಿ ಮೂರು ದಿನ ಕಾಯಬೇಕು, ಬರುವಾಗ ಒಬ್ಬ ಸಾಕ್ಷಿ ಬೇಕು, ಹಿಂದೆ ಮದುವೆಯಾಗಿದ್ದರೆ ಅದು ಮುಗಿದದ್ದಕ್ಕೆ ದೃಢೀಕೃತ ಪ್ರತಿ ಬೇಕು.

ಶೈಲಜಾ ಮೊದಲು ಹೋದದ್ದು ಮನೆಗೆ ಹತ್ತಿರದ ನ್ಯೂ ಬ್ರನ್ಸ್‌ವಿಕ್ ಕೋರ್ಟಿಗೆ. ಸರ್ಕಾರದ ದಾಖಲೆ ಸರ್ಕಾರದ ಬಳಿ ಇರುತ್ತದೆ, ಯಾವ ಕಿಟಕಿಯಲ್ಲಿ ಕೇಳಿದರೂ ಸಿಗುತ್ತದೆ ಎಂದುಕೊಂಡಿದ್ದರು. ಕಿಟಕಿಯಾಚೆಯ ಹೆಂಗಸು ಕಂಪ್ಯೂಟರಿನಲ್ಲಿ ಹುಡುಕಿ ತಲೆಯಾಡಿಸಿದರು. ವಿಚ್ಛೇದನ ಯಾವ ಕೌಂಟಿಯಲ್ಲಿ, ಅಂದರೆ ಯಾವ ಜಿಲ್ಲೆಯಲ್ಲಿ, ಆಯಿತೋ ಕಡತ ಆ ಕೌಂಟಿಯಲ್ಲೇ ಇರುತ್ತದೆ, ನೀವು ಆಗ ಎಲ್ಲಿದ್ದಿರಿ ಎಂದು ಕೇಳಿದರು. ಹಿಕ್ಸ್‌ವಿಲ್ ಎಂದಾಗ, ಅದು ನ್ಯೂಯಾರ್ಕ್ ರಾಜ್ಯದ ನ್ಯಾಸೊ ಕೌಂಟಿ, ಅದರ ಕೇಂದ್ರ ಮಿನಿಯೋಲಾಕ್ಕೆ ಹೋಗಿ ಎಂದು ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟರು.

ಮಿನಿಯೋಲಾದ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ಕಡತ ಬೇಗ ಸಿಕ್ಕಿತು. ತೊಂದರೆ ಶುರುವಾದದ್ದು ಆಮೇಲೆ. ನ್ಯೂಯಾರ್ಕಿನಲ್ಲಿ ವಿಚ್ಛೇದನದ ಕಡತವನ್ನು ಆ ಗಂಡ, ಆ ಹೆಂಡತಿ, ಅವರ ವಕೀಲರ ಹೊರತು ಬೇರೆಯವರಿಗೆ ಕೊಡುವುದಿಲ್ಲ. ಕಡತದಲ್ಲಿದ್ದ ಹೆಂಡತಿಯ ಹೆಸರು ಶೈಲಜಾ ಶಶಿಧರ. ಕೌಂಟರಿನ ಮೇಲಿದ್ದ ಡ್ರೈವಿಂಗ್ ಲೈಸೆನ್ಸಿನಲ್ಲಿ ಶೈಲಜಾ ನಾಗಲಿಂಗಪ್ಪ.

ಶೈಲಜಾ ಎಂದೂ ಹೆಸರು ಬದಲಿಸಿದವರಲ್ಲ. ನಾಗಲಿಂಗಪ್ಪ ತಂದೆಯ ಹೆಸರು. ಪಾಸ್‌ಪೋರ್ಟು, ವೀಸಾ, ಸಂಬಳ ಎಲ್ಲವೂ ಅದರಲ್ಲೇ ಇದ್ದವು. ಆದರೆ ವಕೀಲರು ಹೆಂಡತಿಯ ಲಾಸ್ಟ್ ನೇಮ್ ಕೇಳಿದಾಗ ಶಶಿಧರ ತಮ್ಮದನ್ನೇ ಹೇಳಿದ್ದರು. ಹಿಕ್ಸ್‌ವಿಲ್‌ನಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಮಿಸೆಸ್ ಶಶಿಧರ ಎಂದೇ. ಸಹಿ ಮಾಡುವಾಗ ಶೈಲಜಾ ಅದನ್ನು ಗಮನಿಸಿಯೂ ಸುಮ್ಮನಿದ್ದರು. ರಾಣೆಬೆನ್ನೂರಿನಲ್ಲಿ ನಡೆದ ಮದುವೆಯನ್ನು ಯಾರೂ ನೋಂದಾಯಿಸಿರಲಿಲ್ಲ. ಎರಡು ಹೆಸರನ್ನೂ ಒಟ್ಟಿಗೆ ಹಿಡಿದಿದ್ದ ಒಂದು ಕಾಗದವೂ ಈಗ ಅವರ ಬಳಿ ಇರಲಿಲ್ಲ. ಆ ವಕೀಲರು ಕಚೇರಿ ಮುಚ್ಚಿದ್ದರು, ಸಿಂಗಪುರದ ನಂಬರು ಬದಲಾಗಿತ್ತು.

ಕ್ಲರ್ಕ್ ಒಂದು ದಾರಿ ತೋರಿಸಿದರು. ಆಗ ನಿಮ್ಮನ್ನು ಆ ಹೆಸರಿನಲ್ಲಿ, ಅದೇ ಮನೆಯಲ್ಲಿ ಕಂಡವರೊಬ್ಬರು ಬಂದು, ಎರಡು ಹೆಸರೂ ಒಬ್ಬರದೇ ಎಂದು ಪ್ರಮಾಣ ಮಾಡಿ ಬರೆದುಕೊಟ್ಟರೆ ಆಗಬಹುದು ಎಂದರು.

ಅಂಥವರು ಒಬ್ಬರಿದ್ದರು. ಹಿಕ್ಸ್‌ವಿಲ್‌ನ ಆ ಮನೆಯ ಕೆಳಗಿನ ಮಹಡಿಯಲ್ಲಿ ಈಗಲೂ ಇರುವ ರಾಜಿ. ಮೈಸೂರಿನವರು, ಶೈಲಜಾಗಿಂತ ಹತ್ತು ವರ್ಷ ಹಿರಿಯರು, ಕೂಟದ ಕಾರ್ಯದರ್ಶಿ. ಡಲ್ಲಾಸಿನ ಸುದ್ದಿ ಅತಿ ಹೆಚ್ಚು ಕೇಳಿದ್ದೂ ಅವರೇ.

ಆ ವಾರ ಶೈಲಜಾ ಎರಡು ಸಲ ಫೋನ್ ಎತ್ತಿ ಇಟ್ಟರು. "ತಾರೀಖು ಮುಂದಕ್ಕೆ ಹಾಕೋಣ. ಪೋರ್ಟ್‌ಲ್ಯಾಂಡಿಂದ ಬಂದಮೇಲೆ ಆದ್ರೂ ಆಯ್ತು" ಎಂದು ಮಹದೇವ ಅವರಿಗೆ ಹೇಳಿದರು.

"ಒಂದು ವರ್ಷ ನಾನೂ ಪ್ರಾಜೆಕ್ಟ್ ಮೇಲೆ ಹೋಗಿದ್ದೀನಿ ಅಂತ ಹೇಳ್ತೀರಾ?" ಎಂದರು ಮಹದೇವ.

ಶನಿವಾರ ಬೆಳಿಗ್ಗೆ ಶೈಲಜಾ ಲಾಂಗ್ ಐಲೆಂಡಿನ ಹಿಕ್ಸ್‌ವಿಲ್‌ಗೆ, ರಾಜಿಯ ಮನೆಗೆ ಡ್ರೈವ್ ಮಾಡಿಕೊಂಡು ಹೋದರು. ರಾಜಿ ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದರು. ಶೈಲಜಾ ಕೋಟು ಬಿಚ್ಚದೆ, ನಿಂತೇ, ಎಲ್ಲವನ್ನೂ ಹೇಳಿದರು: ವಿಚ್ಛೇದನ, ಮಹದೇವ, ಮಿನಿಯೋಲಾದ ಕಡತ.

ರಾಜಿಯ ಕೈ ನಿಂತಿತು. "ಹಾಗಾದ್ರೆ ಡಲ್ಲಾಸ್?"

"ಇಲ್ಲ ರಾಜಿ ಅಕ್ಕ."

"ವೈಟುಕೆ ಮುಗಿದು ವರ್ಷ ಆಗ್ತಾ ಬಂತು, ಇನ್ನೂ ಏನು ಪ್ರಾಜೆಕ್ಟು ಅಂತ ಶ್ಯಾಮ್ ಕೇಳ್ತಾನೇ ಇದ್ರು. ನಾನೇ ಅವರ ಬಾಯಿ ಮುಚ್ಚಿಸ್ತಿದ್ದೆ." ಗಂಡ ಶ್ಯಾಮ್ ಮುಂದಿನ ಕೋಣೆಯಲ್ಲಿದ್ದರು. ರಾಜಿ ದನಿ ತಗ್ಗಿಸಿದರು. "ಪ್ರತಿ ದೀಪಾವಳಿಗೂ ಶಶಿಧರ ಅವರಿಗೆ ಅಂತ ಬೇರೆ ಡಬ್ಬಿ ಕಟ್ಟಿಕೊಡ್ತಿದ್ನಲ್ಲ, ಕೊರಿಯರ್ ಮಾಡು ಅಂತ. ಅದು ಎಲ್ಲಿಗೆ ಹೋಗ್ತಿತ್ತು?"

"ಆಫೀಸಿಗೆ."

"ರವೆ ಉಂಡೆನ? ಆಫೀಸ್‌ನವರಿಗಾ?"

"ಅವರಿಗೆ ತುಂಬಾ ಇಷ್ಟ ಆಗಿತ್ತು."

"ಆಗದೆ ಏನು ಮಾಡುತ್ತೆ. ಶಶಿಧರ ಅವರಿಗೆ ಸೇರಲಿ ಅಂತ ಒಣದ್ರಾಕ್ಷಿ ಜಾಸ್ತಿ ಹಾಕಿ ಮಾಡ್ತಿದ್ದೆ." ರಾಜಿ ಮತ್ತೆ ಕಾಯಿ ಬಿಡಿಸತೊಡಗಿದರು. "ನನಗೆ ಹೇಳಬಹುದಿತ್ತು ಕಣೆ. ಬೇರೆಯವರಿಗೆ ಹೇಳದಿದ್ರೂ ನನಗೆ ಹೇಳಬಹುದಿತ್ತು."

"ನಿಮಗೆ ಹೇಳಿದ್ರೆ ನೀವು ನನ್ನ ನೋಡೋ ರೀತಿ ಬದಲಾಗ್ತಿತ್ತು."

"ಈಗ ಬದಲಾಗಿಲ್ವಾ? ಆಗಿದೆ. ಸುಳ್ಳು ಇಷ್ಟು ಚೆನ್ನಾಗಿ ಹೇಳ್ತೀಯ ಅಂತ ಗೊತ್ತಿರಲಿಲ್ಲ." ಬಟ್ಟಲನ್ನು ಪಕ್ಕಕ್ಕೆ ಸರಿಸಿ ರಾಜಿ ಕೈ ಒರೆಸಿಕೊಂಡರು. "ಮಿನಿಯೋಲಾ ಸೋಮವಾರ ಎಷ್ಟು ಗಂಟೆಗೆ ತೆಗೀತಾರೆ?"

ಸೋಮವಾರ ರಾಜಿ ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡು ಬಂದರು. ಕೋರ್ಟಿಗೆ ಹೋಗುವಾಗ ನೆಟ್ಟಗಿರಬೇಕು ಎಂಬುದು ಅವರ ವಾದ. ಈಕೆಯನ್ನು ಹೇಗೆ ಬಲ್ಲಿರಿ ಎಂದು ಕ್ಲರ್ಕ್ ಕೇಳಿದಾಗ, ಎರಡು ವರ್ಷ ನನ್ನ ತಲೆಯ ಮೇಲೆ ನಡೆದಾಡಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿ, ಬಾಡಿಗೆ ಮನೆಯ ವಿಳಾಸ, ಮನೆಯ ಮಾಲೀಕನ ಹೆಸರು, ಮಿಸೆಸ್ ಶಶಿಧರ ಎಂಬ ಹೆಸರಿದ್ದ ಅಂಚೆಪೆಟ್ಟಿಗೆಯ ಬಣ್ಣವನ್ನೂ ಸೇರಿಸಿದರು. ಬಲಗೈ ಎತ್ತಿ ಪ್ರಮಾಣ ಮಾಡಿ ಸಹಿ ಹಾಕಿದರು. ಕ್ಲರ್ಕ್ ಕಡತದ ವಿಳಾಸದೊಂದಿಗೆ ಹೋಲಿಸಿ ನೋಡಿ ಒಳಗೆ ಹೋದರು. ಬಂದಾಗ ಕೈಯಲ್ಲಿ ತೀರ್ಪಿನ ಪ್ರತಿಯಿತ್ತು. ಅದರ ಕೊನೆಯ ಪುಟದಲ್ಲಿ ಬೆರಳಿಗೆ ತಾಕುವಂತೆ ಉಬ್ಬಿದ ಮುದ್ರೆಯಿತ್ತು.

ಬೆಂಚಿನ ಮೇಲೆ ಕೂತು ರಾಜಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಜಗಳದ್ದು ಏನೂ ಇಲ್ವಲ್ಲ ಇದರಲ್ಲಿ" ಎಂದರು, ಸ್ವಲ್ಪ ನಿರಾಸೆಯಿಂದ. ಆಮೇಲೆ, "ರಿಜಿಸ್ಟ್ರಾರ್ ಹತ್ತಿರ ಸಾಕ್ಷಿ ಬೇಕು ಅಂದ್ಯಲ್ಲ, ಅದಕ್ಕೂ ನಾನೇ ಬರ್ತೀನಿ. ಕೈ ಎತ್ತಿ ಅಭ್ಯಾಸ ಆಯ್ತು."

ಗುರುವಾರ ಮಹದೇವ ಸೇರಿ ಮೂವರೂ, ಕೆಂಡಲ್ ಪಾರ್ಕ್ ಸೇರುವ ಸೌತ್ ಬ್ರನ್ಸ್‌ವಿಕ್‌ನ ಟೌನ್ ಕಚೇರಿಯ ಸಾಲಿನಲ್ಲಿ ನಿಂತರು. ಅವರ ಹಿಂದೆ ನಾಯಿಯ ಲೈಸೆನ್ಸ್ ಮಾಡಿಸಲು ಬಂದು ನಿಂತವರು ಸತ್ಯನಾರಾಯಣ, ಕೂಟದ ಖಜಾಂಚಿ. ನಮಸ್ಕಾರಗಳಾದವು. "ಶಶಿಧರ ಹೇಗಿದ್ದಾರೆ?" ಎಂದು ಅವರು ಕೇಳುವಷ್ಟರಲ್ಲಿ ಕಿಟಕಿಯಿಂದ ಕರೆ ಬಂತು. ರಾಜಿ ಚಾವಣಿ ನೋಡತೊಡಗಿದರು.

ರಿಜಿಸ್ಟ್ರಾರ್ ಒಂದೊಂದೇ ಪ್ರಶ್ನೆ ಓದಿ ಟೈಪ್ ಮಾಡುತ್ತ ಹೋದರು. ಹಿಂದಿನ ಮದುವೆಗಳೆಷ್ಟು? ಶೈಲಜಾ ಉತ್ತರಿಸಿದರು. ಕೇಳಿಸಲಿಲ್ಲ, ಜೋರಾಗಿ ಹೇಳಿ ಎಂದರು ರಿಜಿಸ್ಟ್ರಾರ್.

ಶೈಲಜಾ ಮಹದೇವ ಅವರ ಕಡೆ ನೋಡಲಿಲ್ಲ, ಹಿಂದಕ್ಕೂ ನೋಡಲಿಲ್ಲ. ಒಂದು, ವಿಚ್ಛೇದನದಲ್ಲಿ ಮುಗಿಯಿತು, 1997ರಲ್ಲಿ, ನ್ಯಾಸೊ ಕೌಂಟಿಯಲ್ಲಿ ಎಂದು ಸ್ಪಷ್ಟವಾಗಿ ಹೇಳಿ ಪ್ರತಿಯನ್ನು ಮುಂದಿಟ್ಟರು. ರಿಜಿಸ್ಟ್ರಾರ್ ತಾರೀಖು ಬರೆದುಕೊಂಡು, ಮುದ್ರೆಯ ಮೇಲೆ ಹೆಬ್ಬೆರಳು ಆಡಿಸಿ, ವಾಪಸು ಕೊಟ್ಟರು. ಇಬ್ಬರೂ ಸಹಿ ಮಾಡಿದರು. ಸಾಕ್ಷಿಯ ಜಾಗದಲ್ಲಿ ರಾಜಿ ಪೂರ್ತಿ ಹೆಸರು ಬರೆದರು. ಮದುವೆಯ ಲೈಸೆನ್ಸ್ ಮಂಗಳವಾರ ಸಿದ್ಧವಾಗುತ್ತದೆ ಎಂದರು ರಿಜಿಸ್ಟ್ರಾರ್.

ತಿರುಗಿದಾಗ ಸತ್ಯನಾರಾಯಣ ಇನ್ನೂ ಅಲ್ಲೇ ಇದ್ದರು, ನಾಯಿಯ ಕಾಗದಗಳನ್ನು ಎದೆಗೆ ಒತ್ತಿಕೊಂಡು. ಅವರು ಮೊದಲು ಮಹದೇವ ಅವರನ್ನು, ಆಮೇಲೆ ಶೈಲಜಾರನ್ನು ನೋಡಿದರು.

"ಯಾವತ್ತು?" ಎಂದು ಕೇಳಿದರು.

"ಮುಂದಿನ ವಾರ, ಶುಕ್ರವಾರ" ಎಂದರು ಶೈಲಜಾ. "ಮನೆಯಲ್ಲೇ ಊಟ. ನೀವೂ ಬನ್ನಿ."

"ಶುಕ್ರವಾರನಾ?" ಸತ್ಯನಾರಾಯಣ ಯೋಚಿಸಿದರು. "ಹಿಂದಿನ ದಿನ ಥ್ಯಾಂಕ್ಸ್‌ಗಿವಿಂಗ್, ಎಲ್ಲರ ಮನೇಲೂ ಟರ್ಕಿ ಕೋಳಿ. ನಮ್ಮಂಥ ಸಸ್ಯಾಹಾರಿಗಳಿಗೆ ಮರುದಿನ ಹಸಿವು ಜಾಸ್ತಿ ಇರುತ್ತೆ. ಐವರು ಬರ್ತೀವಿ, ಪರವಾಗಿಲ್ವಾ?"