ಮಾವ ಬಿಚ್ಚಿಟ್ಟ ಪಂಪು

ನನ್ನ ಸೋದರಮಾವನಿಗೆ ಊರವರು ಇಟ್ಟ ಹೆಸರು ಬಿಚ್ಚಪ್ಪ. ಕಾರು ಮೆಕ್ಯಾನಿಕ್. ಕೈಗೆ ಸಿಕ್ಕ ಕಾರಿನಿಂದ ಏನಾದರೊಂದು ಬಿಚ್ಚಿ ಎಸೆಯದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ.

ಹೊಗೆ ಕಡಿಮೆ ಮಾಡುವ ಸಾಮಾನು ಕಾರುಗಳಿಗೆ ಹೊಸದಾಗಿ ಬಂದ ಕಾಲ ಅದು. ಎಂಜಿನ್ನಿನ ಪಕ್ಕ ಒಂದು ಗಾಳಿ ಪಂಪು. ಅದು ಬಿಸಿ ಹೊಗೆಯೊಳಕ್ಕೆ ಗಾಳಿ ಊದಿ, ಉರಿಯದೆ ಉಳಿದ ಪೆಟ್ರೋಲನ್ನು ಅಲ್ಲೇ ಸುಡಬೇಕು. ಅದರ ದೆಸೆಯಿಂದ ಕಾರುಗಳು ಏರಿನಲ್ಲಿ ಏದುಸಿರು ಬಿಡುತ್ತಿದ್ದವು. "ಮೂಗಿಗೆ ಬಟ್ಟೆ ಕಟ್ಟಿ ಓಡು ಅಂದ್ರೆ ಕುದುರೆ ಓಡುತ್ತಾ?" ಎನ್ನುತ್ತಾ ಮಾವ ಪಂಪು ಕಿತ್ತು, ಅದು ಗಾಳಿ ಊದುತ್ತಿದ್ದ ಹೊಗೆಕೊಳವೆಯ ನಾಲ್ಕು ತೂತಿಗೂ ಬೋಲ್ಟು ತಿರುಗಿಸಿ ಮುಚ್ಚಿಬಿಡುತ್ತಿದ್ದ. ಅಪ್ಪನ ಕಾರಿಗೂ ಅದೇ ಕ್ಷೌರವಾಯಿತು. ಕೆಲವೇ ದಿನದಲ್ಲಿ ಎಂಜಿನ್ ಟಪಟಪ ಎನ್ನತೊಡಗಿದಾಗ, "ಈಗ ಗಂಟಲು ಬಿಟ್ಟಿದೆ ನೋಡಿ ಭಾವ!" ಎಂದು ಬೀಗಿದ.

ಆ ಚಳಿಗಾಲದಿಂದ ಅಮ್ಮನಿಗೆ ಕಾರು ಹತ್ತಿದರೆ ತಲೆನೋವು, ವಾಂತಿ. ಅಪ್ಪ ಸಿಗರೇಟಿಗೆಂದು ತನ್ನ ಕಿಟಕಿ ತೆರೆದೇ ಓಡಿಸುತ್ತಿದ್ದ. ಹೀಟರಿನ ಗಾಳಿಯೆಲ್ಲ ಅಮ್ಮನ ಮುಖಕ್ಕೆ. ಹಿಂದಿನ ಸೀಟಿನಲ್ಲಿ ನಾನು ಹತ್ತು ನಿಮಿಷಕ್ಕೆ ನಿದ್ದೆ ಹೋಗುತ್ತಿದ್ದೆ, ಒಳ್ಳೆ ಮಗು ಎನ್ನುತ್ತಿದ್ದರು.

"ಆ ಕಾರಲ್ಲೇ ಏನೋ ಇದೆ," ಎಂದಳು ಅಮ್ಮ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಸಾಕು ನಾಟಕ, ಅಕ್ಕಾ," ಎಂದ ಮಾವ. ಎಲ್ಲರೂ ನಕ್ಕೆವು. ನಾನೂ ನಕ್ಕಿದ್ದೆ, ಅದಕ್ಕೆ ಈಗ ನಾಚಿಕೆಯಾಗುತ್ತದೆ.

ಅಮ್ಮನ ತವರು, ಅಜ್ಜಿಯ ಮನೆ, ಮೂರು ಗಂಟೆಯ ದಾರಿ, ಬಸ್ಸಿರಲಿಲ್ಲ. ಅಜ್ಜಿ ಹಾಸಿಗೆ ಹಿಡಿದಾಗ ಅಮ್ಮ ಹಲ್ಲು ಕಚ್ಚಿ ಕಾರು ಹತ್ತಿದಳು. ಅರ್ಧ ದಾರಿಯಲ್ಲಿ ಎಚ್ಚರ ತಪ್ಪಿದಳು. ಅಪ್ಪ ಕಾರು ತಿರುಗಿಸಿದ. "ಅವಳಿಗೆ ನನ್ನ ನೋಡೋ ಮನಸ್ಸಿಲ್ಲ, ಬಿಡಿ," ಎಂದಳಂತೆ ಅಜ್ಜಿ. ಆ ವಾರವೇ ತೀರಿಕೊಂಡಳು. "ತಾಯಿಗಿಂತ ತಲೆನೋವು ದೊಡ್ಡದಾಯ್ತಾ?" ಎಂದು ಮಾವ ಹತ್ತು ಜನರೆದುರು ಕೇಳಿದ.

ಅಪ್ಪ ಹೋದ ಮೇಲೆ ಆ ಕಾರು ಶೆಡ್ಡಿನಲ್ಲೇ ಇತ್ತು. ಈ ವರ್ಷ ಅದನ್ನು ಹಳೆಯ ಕಾರುಗಳ ಪಟ್ಟಿಗೆ ಸೇರಿಸಬೇಕೆಂದು ನನಗೆ ಹುಚ್ಚು ಹತ್ತಿತು. ಕಾರ್ಖಾನೆಯಿಂದ ಬಂದ ಸಾಮಾನೆಲ್ಲ ಇರಬೇಕೆಂಬುದು ಪಟ್ಟಿ ಮಾಡುವವರ ನಿಯಮ. ಎಪ್ಪತ್ತು ದಾಟಿದ ಮಾವ ತನ್ನ ಬೆಂಚಿನ ಕೆಳಗಿಂದ ಅದೇ ಪಂಪು ಹುಡುಕಿ ತಂದು ಬಾನೆಟ್ಟಿನೊಳಗೆ ಬಗ್ಗಿದ. ಮೂರು ಬೋಲ್ಟು ಬಿಚ್ಚಿದ. ನಾಲ್ಕನೆಯದು ಇರಲೇ ಇಲ್ಲ. ಆ ತೂತಿನಿಂದ ಹೀಟರು ಗಾಳಿ ಎಳೆಯುವ ಬಾಯಿಯವರೆಗೂ ಕಪ್ಪು ಮಸಿ ಕಟ್ಟಿತ್ತು.

"ಯಾವತ್ತು ಬಿತ್ತೋ," ಎಂದೆ.

ಮಾವ ಸ್ಪ್ಯಾನರ್ ಕೆಳಗಿಟ್ಟ. "ಸರಿ ಅಳತೆದು ಮೂರೇ ಇತ್ತು. ನಾಲ್ಕನೇದು ಗಿಡ್ಡ. ನಡೆಯುತ್ತೆ ಅಂದ್ಕೊಂಡೆ."

ಕೈ ಕೂಡ ತೊಳೆಯದೆ ಅವನು ಸೀದಾ ಒಳಗೆ ಹೋದ. ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದಳು.

"ಅಕ್ಕಾ, ತಪ್ಪು ನನ್ನದು. ಹೊಗೆ ಒಳಗೆ ಬರ್ತಿತ್ತು. ನಿನಗೆ ನಿಜವಾಗ್ಲೂ ತಲೆ ನೋಯ್ತಿತ್ತು."

"ಅದು ನನಗೆ ಗೊತ್ತಿತ್ತಲ್ಲೋ," ಎಂದಳು ಅಮ್ಮ, ತಲೆ ಎತ್ತದೆ. "ಹೋಗಿ ಅಮ್ಮನಿಗೆ ಹೇಳು."