ನೀರಿನ ಹರಕೆ

ಎಡಗಡೆ ಸೊಂಟದಿಂದ ಹೊರಟ ನೋವು ಕಿಬ್ಬೊಟ್ಟೆಗೆ ಇಳಿದಾಗ, ಪೋತ್ನಾಳದ ನಮ್ಮ ಮನೆಯ ಅಡುಗೆ ಕಟ್ಟೆಗೆ ಹಣೆ ಹಚ್ಚಿ ಶಿವನಿಗೆ ಬೇಡಿಕೊಂಡೆ: ಇದೊಂದು ನಿಲ್ಲಿಸು, ಐದು ಸೋಮವಾರ ಸಂಜೆಯತನಕ ಹನಿ ನೀರು ಮುಟ್ಟುವುದಿಲ್ಲ. ಮೂರನೆಯ ದಿನ ಕಿಡ್ನಿಯ ಹರಳು ತಾನಾಗಿಯೇ ಬಿದ್ದುಹೋಯಿತು. ಆಪರೇಷನ್ ತಪ್ಪಿತು, ನನ್ನ ಪುಣ್ಯ.

ಮರುವಾರ ರಾಯಚೂರಿನ ಡಾಕ್ಟರಮ್ಮ ಸ್ಕ್ಯಾನ್ ನೋಡಿ, ಬಲಗಡೆ ಸಣ್ಣದೊಂದು ಇನ್ನೂ ಇದೆ ಎಂದರು.

"ಊಟಕ್ಕ ಏನ್ ಮಾಡ್ತೀರಿ?"

ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಎಂದೆ. ಹಾಲು, ಮಜ್ಜಿಗೆ ಬಿಟ್ಟಿದ್ದೇನೆ ಎಂದು ಸ್ವಲ್ಪ ಹೆಮ್ಮೆಯಿಂದಲೇ ಸೇರಿಸಿದೆ. ಹಾಲಿನ ಸುಣ್ಣವೇ ಕಲ್ಲಾಗುತ್ತದೆ ಎಂದು ಓಣಿಯವರೆಲ್ಲ ಹೇಳಿದ್ದರು.

"ಮಜ್ಜಿಗಿ ಯಾಕ ಬಿಟ್ರಿ? ಊಟದ ಜೋಡಿ ಕುಡೀರಿ. ಪುಂಡಿ, ಪಾಲಕ, ಶೇಂಗಾ ಕಡಿಮಿ ಮಾಡ್ರಿ, ಉಪ್ಪೂ ಕಡಿಮಿ. ನೀರು ಮಾತ್ರ ಚೆಂದಾಗಿ ಕುಡೀಬೇಕು. ಈ ಬಿಸಿಲಾಗ ಒಂದಿನಾನೂ ತಪ್ಪಬಾರ್ದು."

ಬಿಡಬೇಕಾದದ್ದನ್ನು ತಿಂದಿದ್ದೆ, ಬೇಕಾದದ್ದನ್ನು ಬಿಟ್ಟಿದ್ದೆ. ಸೋಮವಾರದ ಮಾತು ಮಾತ್ರ ಬಾಯಿಗೆ ಬರಲಿಲ್ಲ.

ಬಸ್ಸಿನಲ್ಲಿ ಸೀಟು ಸಿಕ್ಕಿತು, ಅದೂ ಪುಣ್ಯವೇ. ಮಾನ್ವಿ ದಾಟುವವರೆಗೂ ನೀರಿನ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ. ಹರಳು ಬೀಳಿಸಿದವನು ಶಿವ. ನೀರು ಕುಡಿ ಎಂದವರು ಡಾಕ್ಟರಮ್ಮ. ಮಾತು ಮುರಿದರೆ ಅವನು ಇನ್ನೊಂದು ಕೊಟ್ಟಾನು. ಮಾತು ಉಳಿಸಿಕೊಂಡರೂ ಇನ್ನೊಂದು ಬರುತ್ತದೆ. ಯಾರನ್ನು ಕೇಳುವುದು?

ಮನೆಗೆ ಬಂದು ಅತ್ತೆಗೆ ಹೇಳಿದೆ.

"ನೀರಿನ ಹರಕಿ ಯಾಕ ಹೊತ್ತಿಬೇ? ಸಕ್ರಿ ಬಿಡ್ತೀನಿ ಅಂದಿದ್ರ ಸಾಕಾಗ್ತಿದ್ದಿಲ್ಲೇನು?"

"ನೋವಿನಾಗ ಬಾಯಿಗೆ ಅದ ಬಂತ್ರಿ ಅತ್ತೀ."

"ಇರ್ಲಿ ಬಿಡು. ನಮ್ಮ ತವರು ಗಬ್ಬೂರಾಗ ಬಾಣಂತಿ ಹರಕಿ ತಾಯಿ ತೀರಸ್ತಾಳ. ನಿಂದು ನಾ ತೀರಸ್ತೀನಿ. ಮನಿ ಹರಕಿ ಮನ್ಯಾಗ ತೀರಿದ್ರ ದೇವ್ರಿಗೆ ಸಾಕು."

ಮೊದಲ ಸೋಮವಾರ ಅವರು ಬೆಳಗಿನಿಂದ ಒಣತುಟಿಯಲ್ಲಿ ಕುಳಿತರು. ಅವರೆದುರು ಚೊಂಬೆತ್ತಲು ಮನಸ್ಸಾಗದೆ ಹಿತ್ತಲಿಗೆ ಹೋಗಿ ಕುಡಿದೆ. ಮೂರನೆಯ ಸೋಮವಾರ ಅತ್ತೆ ಏಳುವಾಗ ಸೊಂಟ ಹಿಡಿದುಕೊಂಡರು.

"ಅತ್ತೀ, ಎಡಕ್ಕೋ ಬಲಕ್ಕೋ?"

"ಎರಡೂ ಕಡಿ, ಇಪ್ಪತ್ತು ವರ್ಷ ಆತು! ಇದು ಹರಳಲ್ಲ, ಮುಪ್ಪು. ನೀ ಸುಮ್ನ ನೀರ್ ಕುಡಿ."

ಮುಪ್ಪೇ ಇರಬಹುದು. ಆದರೆ ಬಿಸಿಲು ಅವರಿಗೂ ಒಂದೇ ಅಲ್ಲವೇ? ಇನ್ನೆರಡು ಸೋಮವಾರ ನನಗೆ ಬಿಟ್ಟುಬಿಡಿ ಎಂದರೆ ಕೇಳಲಿಲ್ಲ. ದೇವರ ಮುಂದೆ ನಿಂತು, ಅವರಿಗೇನೂ ಆಗದಿರಲಿ ಎಂದು ಕೈ ಮುಗಿದೆ. ಬದಲಿಗೆ ಏನು ಕೊಡುತ್ತೇನೆ ಎಂದು ಹೇಳುವ ಧೈರ್ಯ ಮಾತ್ರ ಬರಲಿಲ್ಲ.