ಮುಂದಿನ ಆಸನದ ಪೇಟ

ರಸ್ತೆಯನ್ನು ಹೇಗೆ ಆಳಬೇಕೆಂಬುದನ್ನು ನಮ್ಮ ಮೈಸೂರು ಸರ್ಕಾರದಿಂದ ಕಲಿಯಬೇಕು. ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ದುರ್ಗಕ್ಕೆ ಹೋಗುವ ರಸ್ತೆ ಒಂದು ಇಲಾಖೆಯದು, ಅದರ ಬದಿಯ ಹುಣಿಸೆಮರಗಳು ಇನ್ನೊಂದರದು, ಅಡ್ಡ ಹಾಕಿದ ಗೇಟು ಪೊಲೀಸಿನವರದು, ಓಡುವ ಮೋಟಾರು ಒಬ್ಬ ಸಾಹುಕಾರರದು, ಅದರೊಳಗಿನ ಟಪಾಲು ಚೀಲ ಅಂಚೆಯವರದು. ಧೂಳನ್ನು ಮಾತ್ರ ಯಾರೂ ತಮ್ಮದು ಎನ್ನಲಿಲ್ಲ. ಅದನ್ನು ನಮಗೆ ಬಿಟ್ಟಿದ್ದರು.

ಮೋಟಾರಿನಲ್ಲಿ ಎಷ್ಟು ಜನ ಕೂರಬೇಕೆಂದು ಬಾಗಿಲ ಪಕ್ಕದ ಹಲಗೆಯಲ್ಲಿ ಬರೆದಿತ್ತು. ಅದನ್ನು ಮೀರಿದರೆ ತಪ್ಪು. ಹಾಗಾಗಿ ಹೊಳಲ್ಕೆರೆಯ ಗೇಟು ಕಣ್ಣಿಗೆ ಬೀಳುತ್ತಲೇ ಹೆಚ್ಚಿನವರೆಲ್ಲ ಇಳಿದು, ಹೊಲದ ಬದುವಿನ ಮೇಲೆ ನಡೆದು, ಗೇಟಿನ ಆಚೆಗೆ ಹೋಗಿ ಮತ್ತೆ ಹತ್ತುತ್ತಿದ್ದರು. ಗೇಟು ಕಾಯುವ ಪೊಲೀಸಿನವನು ಇದನ್ನೆಲ್ಲ ನೋಡುತ್ತಲೇ ನಿಂತಿರುತ್ತಿದ್ದ. "ಆ ಕಡೆ ಜಾಲಿಮುಳ್ಳು ಐತೆ, ಈ ಕಡೆಯಿಂದ ಬರ್ರಿ" ಎಂದು ದಾರಿ ಬೇರೆ ಹೇಳುತ್ತಿದ್ದ. ಕಾಯ್ದೆ ಇದ್ದದ್ದು ಮೋಟಾರಿಗೆ, ಬದುವಿಗಲ್ಲವಲ್ಲ.

ಇನ್ನು ಡ್ರೈವರ್ ಪಕ್ಕದ ಆಸನ. ಅದು ಸರ್ಕಾರಿ ಅಧಿಕಾರಿಗಳಿಗೆ ಮೀಸಲು. ನಮ್ಮ ತಾಲ್ಲೂಕಿನ ಅಮಲ್ದಾರರು ತಮ್ಮ ಕುದುರೆ ಬಿಟ್ಟು ಮೋಟಾರು ಹತ್ತಿದ್ದನ್ನು ನಾನು ನೋಡಿಯೇ ಇಲ್ಲ. ಅವರ ಜರಿಪೇಟ ಮಾತ್ರ ಆಗಾಗ ಪ್ರಯಾಣ ಮಾಡುತ್ತಿತ್ತು. ಪೇಟ ಸುತ್ತುವುದರಲ್ಲಿ ದುರ್ಗದವನೊಬ್ಬನಿಗೆ ಭಾರಿ ಹೆಸರು. ದೊಡ್ಡ ಸಾಹೇಬರು ಬರುತ್ತಾರೆಂದರೆ ಸಾಕು, ಪೇಟ ಬುಟ್ಟಿಯಲ್ಲಿ ಕೂತು, ಬೀಳದ ಹಾಗೆ ಆಸನಕ್ಕೆ ಕಟ್ಟಿಸಿಕೊಂಡು ದುರ್ಗಕ್ಕೆ ಹೊರಡುತ್ತಿತ್ತು. ಹಲಗೆಯ ಲೆಕ್ಕದಲ್ಲಿ ಅದೂ ಒಬ್ಬ ಪ್ರಯಾಣಿಕ. ಗೇಟಿನಲ್ಲಿ ಅದಕ್ಕೆ ಸಲಾಮೂ ಬೀಳುತ್ತಿತ್ತು.

ನಮ್ಮತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ಯಾವುದು, ನೆರಳು ಯಾವುದು ಎನ್ನುವುದಷ್ಟೇ ತಿಳಿಯುತ್ತಿತ್ತು. ದುರ್ಗದ ಆಸ್ಪತ್ರೆಗೆ ಕಣ್ಣಿನ ಡಾಕ್ಟರು ಬಂದಿದ್ದಾರೆ, ನಾಳೆ ಹೊರಟುಬಿಡುತ್ತಾರೆ ಎಂಬ ಸುದ್ದಿ ಬಂದಾಗ ನಮ್ಮ ಯಜಮಾನರು ಕೊಬ್ಬರಿ ಅಂಗಡಿಗೆ ಬಾಗಿಲು ಹಾಕಿದರು. ಮಾರನೆಯ ಬೆಳಿಗ್ಗೆ ಮಗುವನ್ನು ನಮ್ಮ ತಾಯಿಯ ಹತ್ತಿರ ಬಿಟ್ಟು ಮೂವರೂ ಮೋಟಾರು ಹತ್ತಿದೆವು. ಅವತ್ತು ತಪ್ಪಿದರೆ ಆ ಡಾಕ್ಟರು ಮತ್ತೆ ಬರುವುದು ಯಾವಾಗಲೋ, ಅತ್ತೆ ಅಲ್ಲಿಯವರೆಗೆ ಇರುತ್ತಾರೋ ಇಲ್ಲವೋ.

ಅವತ್ತೂ ಮುಂದಿನ ಆಸನದಲ್ಲಿ ಪೇಟದ ಬುಟ್ಟಿ ಕೂತಿತ್ತು. ಗೇಟು ಬಂತು. ಕೊನೆಗೆ ಹತ್ತಿದವರು ಮೊದಲು ಇಳಿಯಬೇಕು, ಅಂದರೆ ನಾವು. "ಇಳೀರಿ, ಇಳೀರಿ, ಬಿರ್ರನೆ ನಡೀರಿ" ಎಂದ ಟಿಕೀಟಿನವನು.

"ಕಣ್ಣು ಕಾಣದ ಮುದುಕಿ ಕಣಪ್ಪ. ಆ ಬುಟ್ಟಿ ನಾನು ಇಟ್ಕಂಡು ನಡೀತೀನಿ, ಇವರು ಅಲ್ಲಿ ಕುಂತ್ಕಳ್ಲಿ" ಎಂದೆ ನಾನು, ಅತ್ತೆಗೆ ಕೇಳಿಸದ ಹಾಗೆ.

"ಏನವ್ವ, ನನ್ನ ಹೊಟ್ಟೆ ಮ್ಯಾಲೆ ಹೊಡೀತೀಯಾ?" ಎಂದು ಅವನು ಕೆನ್ನೆ ಕೆನ್ನೆ ಬಡಿದುಕೊಂಡ.

ನಮ್ಮ ಯಜಮಾನರು ಸರ್ಕಾರಿ ಹಲಗೆ ಕಂಡರೂ ಎದ್ದು ನಿಲ್ಲುವ ಪೈಕಿ. ತಾವೇ ತಾಯಿಯ ಕೈಹಿಡಿದು ಇಳಿಸಿದರು. ಬದುವಿನ ಮೇಲೆ ಅತ್ತೆ ಎರಡು ಸಲ ಎಡವಿದರು, ಅಂಗಾಲಿಗೆ ಜಾಲಿಮುಳ್ಳು ಹೊಕ್ಕಿತು. ನಾನು ಕೂತು ಮುಳ್ಳು ಕೀಳುತ್ತಿದ್ದಾಗ ಅವರು ಮಗನನ್ನು ಕೇಳಿದರು: "ಲೇ, ಮುಂದ್ಗಡೆ ಕುಂತಿರೋರು ಯಾರಲೇ? ಅವರ್ನ ಇಳಿಸಾಕಾಗಲ್ವೇನು?"

ಪೇಟ ಕೂತಿದೆ ಎಂದು ಹೇಳಲು ಯಜಮಾನರಿಗೆ ನಾಚಿಕೆಯಾಯಿತು. "ಅಮಲ್ದಾರ್ರು ಅವ್ರೆ ಕಣವ್ವ" ಎಂದುಬಿಟ್ಟರು.

"ಹಂಗಾ? ಪಾಪ, ದೊಡ್ಡೋರು" ಎಂದರು ಅತ್ತೆ. ನನಗೆ ಮೈಯೆಲ್ಲ ಉರಿಯಿತು.

ಸುಳ್ಳು ಅಲ್ಲಿಗೇ ಮುಗಿಯಲಿಲ್ಲ. ಮತ್ತೆ ಹತ್ತಿ ಕೂತ ಮೇಲೆ ಅತ್ತೆ ಮುಂದಿನ ಆಸನದ ಕಡೆಗೆ ಕೈಮುಗಿದು ಅಹವಾಲು ಶುರುಮಾಡಿದರು. "ಸ್ವಾಮಿ, ಡಾಕ್ಟರಿಗೆ ಒಂದು ಮಾತು ಹೇಳ್ರಿ. ನನ್ನ ಮೊಮ್ಮಗೀನ ಒಂದ್ಸಲ ಕಣ್ತುಂಬ ನೋಡ್ಬೇಕು. ಹುಟ್ಟಿದಾಗಿಂದ ಬರೀ ಮುಟ್ಟಿ ನೋಡಿದೀನಿ." ಪೇಟ ಕುಲುಕುತ್ತಾ ಕೂತಿತ್ತು. ಹಿಂದಿನವರು ಸೆರಗು, ಟವಲು ಬಾಯಿಗೆ ತುರುಕಿಕೊಂಡು ನಗು ನುಂಗಿದರು. ಸ್ವಲ್ಪ ಹೊತ್ತು ಕಾದು ಅತ್ತೆ ನನ್ನ ಕಿವಿಯಲ್ಲಿ ಹೇಳಿದರು: "ಮಾತೇ ಆಡಲ್ಲ ನೋಡು. ಭಾಳ ದೊಡ್ಡ ಅಧಿಕಾರಿ ಇರ್ಬೇಕು."

ದುರ್ಗ ತಲುಪುವ ಹೊತ್ತಿಗೆ ಡಾಕ್ಟರು ಕೆಲಸ ಮುಗಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಯಾವ ಅಮಲ್ದಾರರೂ ಹೇಳದಿದ್ದರೂ, ನಾನು ಕಾಲು ಹಿಡಿದಿದ್ದಕ್ಕೋ ಏನೋ, ಒಂದು ಕಣ್ಣಿನ ಪೊರೆ ತೆಗೆದರು. ಕೆಲವು ದಿನ ಆಸ್ಪತ್ರೆಯಲ್ಲೇ ಇದ್ದೆವು. ಕಟ್ಟು ಬಿಚ್ಚಿದ ದಿನ ಅತ್ತೆ ನನ್ನ ಮುಖವನ್ನೇ ನೋಡಿ "ಇಷ್ಟು ಸೊರಗಿದೀಯಾ?" ಎಂದರು. ನಾನು ಅತ್ತುಬಿಟ್ಟೆ.

ಊರಿಗೆ ವಾಪಸು ಹೊರಟ ದಿನವೇ ಪೇಟವೂ ಹೊಸದಾಗಿ ಸುತ್ತಿಸಿಕೊಂಡು ವಾಪಸು ಹೊರಟಿತ್ತು. ಅತ್ತೆ ಅದನ್ನು ದಾರಿಯುದ್ದಕ್ಕೂ ನೋಡುತ್ತಲೇ ಇದ್ದರು. ಹೊಳಲ್ಕೆರೆಯ ಗೇಟು ಹತ್ತಿರವಾಯಿತು. "ಇಳೀರಿ" ಎಂದ ಟಿಕೀಟಿನವನು.

"ಏನಪ್ಪ, ಅವತ್ತು ಅಲ್ಲಿ ಕುಂತಿದ್ದ ಅಮಲ್ದಾರ್ರು ಎಲ್ಲಿ?" ಎಂದು ಅತ್ತೆ ಕೇಳಿದರು.

ಅವನಿಗೇನು ಗೊತ್ತು, ನಕ್ಕುಬಿಟ್ಟ. "ಯಾವ ಅಮಲ್ದಾರ್ರಜ್ಜಿ? ಅವತ್ತೂ ಇದೇ ಪೇಟ."

ಅತ್ತೆ ಮಗನ ಕಡೆ ತಿರುಗಿದರು. ಯಜಮಾನರು ಹುಣಿಸೆಮರ ನೋಡುತ್ತಿದ್ದರು. ಅತ್ತೆ ಇಳಿದು ಮುಂದೆ ಹೋಗಿ, ಕಟ್ಟಿದ ಹಗ್ಗವನ್ನು ತಾವೇ ಬಿಚ್ಚಿ, ಬುಟ್ಟಿಯನ್ನು ಮಗನ ಕೈಗಿಟ್ಟರು. "ಅವತ್ತು ನಾನು ನಡೆದಿದ್ದೀನಿ. ಇವತ್ತು ಅಮಲ್ದಾರ್ರು ನಡೀಲಿ. ಕರ್ಕಂಡು ಹೋಗು." ಡ್ರೈವರ್ ಪಕ್ಕ ಹತ್ತಿ ಕೂತರು. ಟಿಕೀಟಿನವನು ಬಾಯಿ ತೆರೆದ. "ಲೆಕ್ಕ ಹಾಕ್ಕಳಪ್ಪ, ಒಂದು ಹೋಗಿ ಒಂದು ಬಂತು" ಎಂದರು ಅತ್ತೆ. ಕಾಯ್ದೆ ಮುರಿದಿರಲಿಲ್ಲ, ಅವನು ಬಾಯಿ ಮುಚ್ಚಿದ.

ನಾನೂ ಇಳಿದು ಬದುವಿನ ಮೇಲೆ ನಡೆದೆ, ಎಲ್ಲವನ್ನೂ ನೋಡಿದೆ. ಗೇಟಿನ ಪೊಲೀಸಿನವನು ಅಭ್ಯಾಸದಂತೆ ಮುಂದಿನ ಆಸನಕ್ಕೆ ಸಲಾಮು ಹೊಡೆಯಲು ಕೈಯೆತ್ತಿದ. ಅಲ್ಲಿ ಹೊಸ ಕಣ್ಣಿಗೆ ಬಿಸಿಲು ಬೀಳದ ಹಾಗೆ ಹಣೆಯ ಮೇಲಿಂದ ಹಸಿರು ಬಟ್ಟೆ ಇಳಿಬಿಟ್ಟುಕೊಂಡ ಮುದುಕಿ. ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಸುತ್ತ ನೋಡಿದ. ಬದುವಿನ ಮೇಲೆ ಪೇಟ ಬರುತ್ತಿರುವುದು ಕಂಡಿತು. ಅತ್ತ ತಿರುಗಿ, ಹೊಲದ ಕಡೆಗೆ ಒಂದು ಸಲಾಮು ಹೊಡೆದ.

ನಮ್ಮ ಯಜಮಾನರು ಬೆವರುತ್ತಾ, ಬುಟ್ಟಿಯನ್ನು ಎದೆಗವಚಿಕೊಂಡು, ಕುಂಟುತ್ತಾ ಗೇಟಿನ ಆಚೆಗೆ ಬಂದು ಮುಟ್ಟಿದರು. ಅತ್ತೆ ತಮ್ಮ ಒಂದು ಕಣ್ಣಿನಲ್ಲಿ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಮಲ್ದಾರ್ರಿಗೆ ಮುಳ್ಳು ಚುಚ್ಚಲಿಲ್ಲ ತಾನೆ?" ಎಂದು ಕೇಳಿದರು.